ಬೆಸುಗೆ ಬಲ್ಲ ಕೈಗೆ ಬೇರೆ ಕೆಲಸವಿಲ್ಲವೆ?

ಮುಂಬಯಿಯ ನಮ್ಮ ಹೊಟೇಲು ಕಾರ್ಮಿಕರ ಬಿಡಾರಗಳಲ್ಲಿ ಈಗೀಗ ಒಂದು ಗುಪ್ತ ಕೈಗಾರಿಕೆ ನಡೆಯುತ್ತಿದೆ. ಅದಕ್ಕೆ ದೊಡ್ಡ ಬಂಡವಾಳ ಬೇಡ, ಯಂತ್ರ ಬೇಡ, ಧಣಿಯ ಅಪ್ಪಣೆಯೂ ಬೇಡ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಒಡೆದು ತೆಗೆದ ಎರಡು ಸೆಲ್ಲು, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮೂರು ಕಾಲಿನ ಒಂದು ಚಿಪ್, ರೇಡಿಯೋಗೆ ಇರುವಂಥ ಒಂದು ತಿರುಗಣೆ, ಒಂದು ಒತ್ತುಗುಂಡಿ, ಒಂದು ಪುಟ್ಟ ಡಬ್ಬಿ, ಬೆಸುಗೆ ಹಾಕಲು ಒಂದು ಕಡ್ಡಿ. ಇಷ್ಟಿದ್ದರೆ ಸಾಕು. ಗಲ್ಲಾ ಮುಚ್ಚಿ, ಪಾತ್ರೆ ತೊಳೆದು, ರಾತ್ರಿ ಹನ್ನೆರಡರ ಮೇಲೆ ನಮ್ಮ ತರುಣರು ಇವನ್ನೆಲ್ಲ ಜೋಡಿಸಿ ಆವಿ ಸೇದುವ ಯಂತ್ರವನ್ನು ತಯಾರಿಸುತ್ತಾರೆ. ಪೇಟೆಯ ಮಾತಿನಲ್ಲಿ ಇದಕ್ಕೆ ವೇಪ್ ಎಂದು ಹೆಸರು. ಸರಕಾರದ ಕಾಗದದಲ್ಲಿ ಇದು ಇಲೆಕ್ಟ್ರಾನಿಕ್ ಸಿಗರೇಟು. ತಿರುಗಣೆ ತಿರುಗಿಸಿದಂತೆ ವೋಲ್ಟೇಜು ಏರುತ್ತದೆ, ಇಳಿಯುತ್ತದೆ. ಹೊಗೆಯೂ ಹಾಗೆಯೇ ಹೆಚ್ಚು ಕಡಿಮೆಯಾಗುತ್ತದೆ. ಅದೇ ಅದರ ಹೆಚ್ಚುಗಾರಿಕೆ.

ಈ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವುದು ಬೇಡವೆಂದು ಕೆಲವು ಹಿರಿಯರು ನಮಗೆ ಹೇಳಿದರು. ಬರೆದರೆ ಕನ್ನಡಿಗರ ಮಾನ ಹೋದೀತೆಂದು ಅವರ ಅಂಜಿಕೆ. ನಮ್ಮ ಹುಡುಗರ ಎದೆಗೂಡಿಗಿಂತ ಮಾನ ದೊಡ್ಡದೆಂದು ನಮಗೆ ತೋರುವುದಿಲ್ಲ. ಆದುದರಿಂದ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಆ ಯಂತ್ರ ಕೆಟ್ಟದ್ದು, ಅದನ್ನು ಮಾಡಿದ ಕೈ ಒಳ್ಳೆಯದು. ಯಂತ್ರವನ್ನು ಬಿಡಿಸಬೇಕು, ಕೈಯನ್ನು ಉಳಿಸಿಕೊಳ್ಳಬೇಕು. ಇದು ಬೈಗುಳದಿಂದ ಆಗುವ ಕೆಲಸವಲ್ಲ.

ಈ ವಸ್ತು ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿಯೋಣ. 1963ರಲ್ಲಿ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬವರು ಬೆಂಕಿಯಿಲ್ಲದ, ಹೊಗೆಸೊಪ್ಪಿಲ್ಲದ ಸಿಗರೇಟೊಂದಕ್ಕೆ ಪೇಟೆಂಟ್ ಕೇಳಿದರು. 1965ರಲ್ಲಿ ಪೇಟೆಂಟ್ ಸಿಕ್ಕಿತು, ಸರಕು ಮಾತ್ರ ಪೇಟೆಗೆ ಬರಲಿಲ್ಲ. ನಲವತ್ತು ವರ್ಷಗಳ ಮೇಲೆ, 2003ರಲ್ಲಿ, ಚೀನಾದ ಔಷಧ ತಜ್ಞ ಹಾನ್ ಲಿಕ್ ಎಂಬವರು ಇದಕ್ಕೆ ಈಗಿನ ರೂಪ ಕೊಟ್ಟರು. ಕಾರ್ಖಾನೆಯಿಂದ ಬಂದ ಮೊದಮೊದಲ ಯಂತ್ರಗಳಲ್ಲಿ ಒಂದೇ ಲಿಥಿಯಂ ಸೆಲ್ಲು ಇರುತ್ತಿತ್ತು. ತುಂಬಿದಾಗ ಅದು ಕೊಡುವುದು 4.2 ವೋಲ್ಟು, ಖರ್ಚಾದಂತೆ ಇಳಿದು 3 ವೋಲ್ಟಿನ ಹತ್ತಿರ ಬರುತ್ತದೆ. ಬೆಳಿಗ್ಗೆ ಇದ್ದ ಹೊಗೆ ಸಂಜೆಗೆ ಇರುವುದಿಲ್ಲ. ಇದರಿಂದ ಬೇಸತ್ತು ಅಮೆರಿಕ, ಯುರೋಪುಗಳ ಹವ್ಯಾಸಿಗಳು ಎರಡು ಸೆಲ್ಲು ಜೋಡಿಸಿ, ನಡುವೆ ವೋಲ್ಟೇಜು ಹಿಡಿದಿಡುವ ಚಿಪ್ ಕೂರಿಸಿ, ತಮ್ಮ ಇಷ್ಟದಂತೆ ಕಾವು ಏರಿಸುವ ಡಬ್ಬಿಗಳನ್ನು ಮನೆಯಲ್ಲೇ ಮಾಡಿಕೊಂಡರು. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ ಮಾಡುತ್ತಿರುವುದು ಅದರ ನಕಲು.

ಆ ಚಿಪ್‌ನ ಹೆಸರು ಎಲ್‌ಎಂ 317. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪೆನಿಯಲ್ಲಿದ್ದ ಬಾಬ್ ಡಾಬ್ಕಿನ್ ಎಂಬ ಎಂಜಿನಿಯರು 1976ರಲ್ಲಿ ಇದನ್ನು ರಚಿಸಿದರು. ಚಾರ್ಜರು, ತುರ್ತುದೀಪ, ರೇಡಿಯೋ, ಪ್ರಯೋಗಶಾಲೆಯ ಉಪಕರಣ, ಹೀಗೆ ಎಷ್ಟೋ ಕಡೆ ಇದು ದುಡಿದಿದೆ, ಇಂದೂ ದುಡಿಯುತ್ತಿದೆ. ಎರಡು ರೆಸಿಸ್ಟರುಗಳ ಪ್ರಮಾಣ ನೋಡಿಕೊಂಡು ಅದು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುತ್ತದೆ. ಒಂದು ರೆಸಿಸ್ಟರಿನ ಜಾಗದಲ್ಲಿ ತಿರುಗಣೆ ಇಟ್ಟರೆ ಆ ಮಟ್ಟವನ್ನು ಬೇಕಾದಂತೆ ಬದಲಿಸಬಹುದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ತಟ್ಟೆ ಎತ್ತಲು ಬಂದ ಹುಡುಗನೊಬ್ಬ ಇಷ್ಟನ್ನು ತಾನೇ ತಿಳಿದುಕೊಂಡು, ಬೆಸುಗೆ ಕೆಡದಂತೆ ಜೋಡಿಸುತ್ತಾನೆಂದರೆ ಅವನನ್ನು ದಡ್ಡನೆನ್ನುವವರೇ ದಡ್ಡರು. ಅವನಿಗೆ ಅರ್ಧ ವಿದ್ಯೆ ದಕ್ಕಿದೆ. ಅಪಾಯ ಇರುವುದು ಉಳಿದ ಅರ್ಧದಲ್ಲಿ. ಆ ಉಳಿದರ್ಧವನ್ನೇ ಇಲ್ಲಿ ಬರೆಯುತ್ತೇವೆ.

ಹೊಟೇಲಿನವರಿಗೆ ಕಾವಿನ ಲೆಕ್ಕ ಹೊಸದಲ್ಲ. ಗ್ಯಾಸಿನ ತಿರುಗಣೆಯನ್ನು ಎಷ್ಟು ತಿರುಗಿಸಿದರೆ ದೋಸೆಯ ಕಲ್ಲು ಎಷ್ಟು ಕಾಯುತ್ತದೆಂದು ನಮ್ಮ ಅಡಿಗೆಯವರು ಕಣ್ಣು ಮುಚ್ಚಿ ಹೇಳಬಲ್ಲರು. ಆದರೆ ವಿದ್ಯುತ್ತಿನ ಲೆಕ್ಕ ಬೇರೆ. ಈ ಯಂತ್ರದೊಳಗೆ ಒಂದು ಸುರುಳಿ ತಂತಿ ಇರುತ್ತದೆ. ನಮ್ಮ ಬ್ರೆಡ್ ಟೋಸ್ಟರಿನಲ್ಲಿ ಕೆಂಪಗೆ ಕಾಯುವುದೂ ಇಂಥದ್ದೇ ತಂತಿ. ಸುರುಳಿ 4 ಓಮಿನದೆಂದು ಇಟ್ಟುಕೊಳ್ಳಿ. 4 ವೋಲ್ಟು ಕೊಟ್ಟರೆ 1 ಆಂಪಿಯರ್ ಹರಿದು 4 ವ್ಯಾಟ್ ಕಾವು ಹುಟ್ಟುತ್ತದೆ. ತಿರುಗಣೆಯನ್ನು 6 ವೋಲ್ಟಿಗೆ ಏರಿಸಿದರೆ ಕಾವು 6 ವ್ಯಾಟ್ ಆಗುವುದಿಲ್ಲ, 9 ವ್ಯಾಟ್ ಆಗುತ್ತದೆ. ವೋಲ್ಟೇಜು ಒಂದೂವರೆ ಪಾಲಾದರೆ ಕಾವು ಎರಡೂಕಾಲು ಪಾಲು. ಎರಡು ಪಾಲಾದರೆ ಕಾವು ನಾಲ್ಕು ಪಾಲು. ‘ಸ್ವಲ್ಪ ಏರಿಸಿದೆ ಅಷ್ಟೆ’ ಎಂದು ಹುಡುಗ ಹೇಳುವಾಗ ಸುರುಳಿಯ ಮೇಲೆ ಆ ಸ್ವಲ್ಪ ಎಷ್ಟಾಗಿದೆಯೆಂದು ಅವನಿಗೆ ಗೊತ್ತಿರುವುದಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಸಾಂಚಾದ ವೇಗ ಒಂದಿಷ್ಟು ಏರಿಸಿದರೆ ನೂಲು ಎಷ್ಟು ಸಲ ಹರಿಯುತ್ತದೆಂದು ಕಂಡವರು ಅವರು.

ಇನ್ನೊಂದು ಲೆಕ್ಕವೂ ಇದೆ. ತುಂಬಿದ ಎರಡು ಸೆಲ್ಲು ಸೇರಿ 8.4 ವೋಲ್ಟು. ಸುರುಳಿಗೆ ಬೇಕಾದದ್ದು 4 ವೋಲ್ಟಾದರೆ ಉಳಿದ 4.4 ವೋಲ್ಟು ಎಲ್ಲಿ ಹೋಗಬೇಕು? ಚಿಪ್ ತಾನೇ ಅದನ್ನು ನುಂಗಿ ಕಾವಾಗಿ ಹೊರಹಾಕುತ್ತದೆ. ಅಂದರೆ ಸುರುಳಿಗೆ 4 ವ್ಯಾಟ್, ಚಿಪ್‌ಗೆ 4.4 ವ್ಯಾಟ್. ದುಡಿಯುವ ಮಾಣಿಗಿಂತ ಮೇಸ್ತ್ರಿಯ ಸಂಬಳ ಹೆಚ್ಚಾದ ಹಾಗೆ! ಗಾಳಿಯಾಡದ ಡಬ್ಬಿಯಲ್ಲಿ ಆ ಕಾವು ನಿಲ್ಲುತ್ತದೆ, ಡಬ್ಬಿ ಅಂಗೈಯಲ್ಲಿ ಸುಡುತ್ತದೆ. ಚಿಪ್ ಮಾತ್ರ ಬುದ್ಧಿವಂತ. ಒಂದೂವರೆ ಆಂಪಿಯರಿನ ಕೆಲಸಕ್ಕೆ ಅದನ್ನು ಮಾಡಿದ್ದಾರೆ. ಅದಕ್ಕಿಂತ ಬಹಳ ಹೆಚ್ಚು ಕೇಳಿದರೆ, ತೀರ ಕಾದರೆ, ಅದು ತಾನೇ ಕೈ ಬಿಗಿಹಿಡಿದು ನಿಲ್ಲುತ್ತದೆ. ಆಗ ಹೊಗೆ ಸಾಲದೆಂದು ಹುಡುಗ ಸಿಟ್ಟಾಗುತ್ತಾನೆ. ಚಿಪ್ ಕಿತ್ತು ಹಾಕಿ ಸೆಲ್ಲಿನಿಂದ ನೇರವಾಗಿ ಸುರುಳಿಗೆ ತಂತಿ ಎಳೆಯುತ್ತಾನೆ. ಬಾಗಿಲು ಕಾಯುತ್ತಿದ್ದ ಒಬ್ಬನೇ ಒಬ್ಬ ಪಹರೆಯವನನ್ನು ಅಲ್ಲಿಗೆ ಓಡಿಸಿದಂತಾಯಿತು. ಮುಂದಿನ ಅನಾಹುತಕ್ಕೆ ತಡೆಯೇ ಇಲ್ಲ.

ಈಗ ಆ ಸುರುಳಿಯ ಮೇಲೆ ಕಾಯುವುದೇನು ಎಂಬುದನ್ನು ನೋಡೋಣ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ವಾಸನೆಯ ಎಸೆನ್ಸು, ಇವೇ ಆ ದ್ರವ. ಗ್ಲಿಸರಿನ್ ಹದವಾಗಿ ಕಾದರೆ ಆವಿ; ಮಿತಿ ಮೀರಿ ಕಾದರೆ ಅಕ್ರೋಲಿನ್ ಎಂಬ ಘಾಟು ವಿಷ. ಇದರ ಪರಿಚಯ ನಮಗೆಲ್ಲರಿಗೂ ಉಂಟು. ಬಜ್ಜಿಯ ಬಾಣಲೆಯಲ್ಲಿ ಎಣ್ಣೆ ಹದ ತಪ್ಪಿ ಕಾದು ಹೊಗೆಯೆದ್ದಾಗ ಕಣ್ಣಿನಲ್ಲಿ ನೀರು ತರಿಸಿ ಗಂಟಲು ಹಿಡಿಯುವುದು ಈ ಅಕ್ರೋಲಿನ್ನೇ. ಆ ಹೊಗೆ ಎದ್ದೊಡನೆ ಭಟ್ಟರು ಮುಖ ತಿರುಗಿಸಿ ಒಲೆ ತಗ್ಗಿಸುತ್ತಾರೆ. ಅದನ್ನೇ ನಳಿಗೆಗೆ ಬಾಯಿಟ್ಟು ಎದೆಯಾಳಕ್ಕೆ ಎಳೆದುಕೊಂಡರೆ ಏನಾದೀತು?

2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ವಿಜ್ಞಾನಿಗಳು ವೋಲ್ಟೇಜು ಬದಲಿಸಬಲ್ಲ ಇಂಥ ಯಂತ್ರವನ್ನೇ ಪರೀಕ್ಷಿಸಿದರು. 3.3 ವೋಲ್ಟಿನಲ್ಲಿ ಫಾರ್ಮಾಲ್ಡಿಹೈಡ್ ಬಿಡುವ ವಸ್ತು ಅವರಿಗೆ ಕಾಣಲಿಲ್ಲ; 5 ವೋಲ್ಟಿನಲ್ಲಿ ಧಾರಾಳವಾಗಿ ಕಂಡಿತು. ಫಾರ್ಮಾಲ್ಡಿಹೈಡ್ ಎಂದರೆ ಶವ ಕೆಡದಂತೆ ಇಡಲು ಬಳಸುವ ರಸಾಯನ, ಕ್ಯಾನ್ಸರ್ ತರುವಂಥದ್ದು. ಅಷ್ಟು ಕಾವಿನಲ್ಲಿ ಬತ್ತಿ ಸುಟ್ಟ ರುಚಿ ಬರುವುದರಿಂದ ಯಾರೂ ಸೇದಲಾರರು ಎಂದು ಬೇರೆ ವಿಜ್ಞಾನಿಗಳು ಆಕ್ಷೇಪ ಎತ್ತಿದ್ದುಂಟು. ಇರಲಿ, ಅದೂ ಒಂದು ವಾದವೇ. ಆದರೆ ಹಗಲೆಲ್ಲ ಭಟ್ಟಿಯ ಹೊಗೆ, ಒಗ್ಗರಣೆಯ ಘಾಟು ಕುಡಿದು ಬಂದ ನಮ್ಮ ಹುಡುಗನ ಮೂಗು ನಾಲಿಗೆಗಳು ಆ ಸುಟ್ಟ ರುಚಿಯನ್ನು ಹಿಡಿದು ಅವನನ್ನು ಕಾಪಾಡುತ್ತವೆಂದು ನಂಬಿ ಕೂಡಬಹುದೆ?

ಎಸೆನ್ಸಿನ ಮಾತಿಗೆ ಬರೋಣ. ‘ಇದು ತಿನ್ನುವ ಎಸೆನ್ಸು, ಐಸ್‌ಕ್ರೀಮಿಗೆ ಹಾಕುವುದೂ ಇದನ್ನೇ’ ಎಂದು ಹುಡುಗರು ವಾದಿಸುತ್ತಾರೆ. ತಿನ್ನುವುದಕ್ಕೂ ಉಸಿರಾಡುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸವಿದೆ. ಅದನ್ನು ಜಗತ್ತಿಗೆ ಕಲಿಸಿದವರು ನಮ್ಮಂಥ ಕೂಲಿಕಾರರೇ. ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಎಂಬ ರಸಾಯನವಿದೆ. ತಿಂದರೆ ತೊಂದರೆಯಿಲ್ಲವೆಂದು ಅದಕ್ಕೆ ಒಪ್ಪಿಗೆಯೂ ಇತ್ತು. ಅಮೆರಿಕದ ಮಿಸ್ಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಅದರ ಆವಿಯ ನಡುವೆ ದುಡಿದ ಎಂಟು ಮಂದಿ ಕಾರ್ಮಿಕರ ಶ್ವಾಸಕೋಶ ಮರಳಿ ಸರಿಯಾಗದಂತೆ ಕೆಟ್ಟಿದೆಯೆಂದು 2000ದಲ್ಲಿ ವೈದ್ಯರೊಬ್ಬರು ವರದಿ ಮಾಡಿದರು. 2015ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ವಾಸನೆ ಬೆರೆಸಿದ 51 ಬಗೆಯ ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಅದೇ ಡೈಅಸಿಟೈಲ್ ಸಿಕ್ಕಿತು. ನಮ್ಮ ಗಿರಣಿಗಳ ಹಿರಿಯರಿಗೆ ಈ ಕಥೆ ಅಪರಿಚಿತವಲ್ಲ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ರೋಗ, ವಾರದ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ನಿಂತ ದಿನವೇ ಎದೆ ಬಿಗಿಯುತ್ತಿದ್ದ ಆ ಸಂಕಟ, ಯಾರು ಮರೆತಾರು? ಅವರು ಹೊಟ್ಟೆಪಾಡಿಗಾಗಿ ಆ ಧೂಳು ಕುಡಿದರು. ಹೊಟ್ಟೆಪಾಡೂ ಅಲ್ಲದ ಕೆಲಸಕ್ಕೆ ನಾವು ಎದೆಯನ್ನು ಒತ್ತೆಯಿಡಬೇಕೆ?

ಮೂರನೆಯದು ಸೆಲ್ಲು. ಲಿಥಿಯಂ ಸೆಲ್ಲು ಸಣ್ಣದಾದರೂ ಅದರ ಹೊಟ್ಟೆಯಲ್ಲಿ ಬೆಂಕಿ ಹಿಡಿಯುವ ದ್ರವವಿದೆ. 4.2 ವೋಲ್ಟಿಗಿಂತ ಮೇಲೆ ಚಾರ್ಜು ಮಾಡಿದರೂ, ಎರಡು ತುದಿ ಲೋಹದಿಂದ ಕೂಡಿದರೂ ಅದು ಕಾದು, ಉಬ್ಬಿ, ಸಿಡಿಯಬಹುದು. ಕಂಪೆನಿಯ ಬ್ಯಾಟರಿಯಲ್ಲಿ ಇದನ್ನು ತಡೆಯುವ ಪಟ್ಟಿಯೊಂದಿರುತ್ತದೆ. ಗುಜರಿಯ ಬ್ಯಾಟರಿ ಒಡೆದು ಸೆಲ್ಲು ತೆಗೆಯುವಾಗ ಮೊದಲು ಹೋಗುವುದು ಆ ಪಟ್ಟಿಯೇ. ಅಮೆರಿಕದ ಅಗ್ನಿಶಾಮಕ ಆಡಳಿತದವರು 2009ರಿಂದ 2016ರವರೆಗೆ ಇ-ಸಿಗರೇಟು ಸಿಡಿದ, ಉರಿದ 195 ಪ್ರಸಂಗಗಳನ್ನು ಲೆಕ್ಕ ಹಾಕಿದರು. ಅವುಗಳಲ್ಲಿ 61 ನಡೆದದ್ದು ಯಂತ್ರವೋ ಬಿಡಿ ಸೆಲ್ಲೋ ಜೇಬಿನಲ್ಲಿದ್ದಾಗ, 48 ನಡೆದದ್ದು ಚಾರ್ಜಿಗೆ ಇಟ್ಟಾಗ. ಅಲ್ಲಿ ಹೆಚ್ಚಿನವು ಕಾರ್ಖಾನೆಯ ಸರಕು. ನಮ್ಮಲ್ಲಿ ಗುಜರಿಯ ಸೆಲ್ಲು, ಜೇಬಿನಲ್ಲಿ ಚಿಲ್ಲರೆ ನಾಣ್ಯ ಮತ್ತು ಬೀಗದ ಕೈ, ರಾತ್ರಿಯೆಲ್ಲ ತಲೆದಿಂಬಿನ ಪಕ್ಕದಲ್ಲಿ ಚಾರ್ಜು. ನಮ್ಮ ಬಿಡಾರಗಳನ್ನು ಕಂಡವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ. ಹೊಟೇಲಿನ ಮೇಲಿನ ಅಟ್ಟ, ಹತ್ತು ಹನ್ನೆರಡು ಹಾಸಿಗೆ, ಇಳಿಯಲು ಒಂದೇ ಏಣಿ, ಕೆಳಗೆ ಗ್ಯಾಸಿನ ಸಿಲಿಂಡರು.

ಕಳೆದ ಮಳೆಗಾಲದಲ್ಲಿ ಇಂಥದೊಂದು ಅಟ್ಟದಲ್ಲಿ ಹಾಸಿಗೆಯೊಂದು ಸುಟ್ಟಿತು. ಕುಂದಾಪುರ ಕಡೆಯ ಹತ್ತೊಂಬತ್ತು ವರ್ಷದ ಹುಡುಗ. ಒಳ್ಳೆಯ ಸಪ್ಲೈಯರು, ಬೆಸುಗೆಯಲ್ಲಿ ಇನ್ನೂ ಒಳ್ಳೆಯ ಕೈ. ಹೊಟೇಲಿನ ಕೆಟ್ಟ ಮಿಕ್ಸರನ್ನು ಎರಡು ಸಲ ಅವನೇ ಸರಿಪಡಿಸಿದ್ದ. ಚಾರ್ಜಿಗಿಟ್ಟ ಸೆಲ್ಲು ಉಬ್ಬಿ ಕಿಡಿ ಹಾರಿತು. ದೇವರ ದಯೆ, ಯಾರೋ ಒಬ್ಬರು ಎಚ್ಚರವಾಗಿದ್ದರು, ಎಲ್ಲರೂ ಇಳಿದರು. ಹುಡುಗನ ಬಲಗೈಯ ಎರಡು ಬೆರಳು ಬೆಂದವು. ಮರುದಿನ ಬೆಳಿಗ್ಗೆ ಮಾಲೀಕರು ಅವನ ಗಂಟುಮೂಟೆ ಬೀದಿಗೆ ಇಟ್ಟರು, ಬಾಕಿ ಸಂಬಳವನ್ನೂ ಹಿಡಿದರು. ನಾವು ಮೂರು ಸಲ ಹೋಗಿ ಮಾತಾಡಿದ ಮೇಲೆ ಸಂಬಳ ಕೈಗೆ ಬಂತು, ಕೆಲಸ ಮರಳಿ ಬರಲಿಲ್ಲ. ಮಿಕ್ಸರು ಸರಿಪಡಿಸಿದ್ದಕ್ಕೆ ಅವನಿಗೆ ಒಂದು ಕಾಸೂ ಸಿಕ್ಕಿರಲಿಲ್ಲ ಎಂಬುದನ್ನು ಮಾತ್ರ ಆ ಮಾಲೀಕರಿಗೆ ನೆನಪಿಸಿಯೇ ಬಂದೆವು.

ನಾಲ್ಕನೆಯದು ಕಾನೂನು. ಇದು ಎಷ್ಟೋ ಜನರಿಗೆ ತಿಳಿಯದು. 2016ರಲ್ಲೇ ಕರ್ನಾಟಕ ಸರಕಾರ ತನ್ನ ರಾಜ್ಯದಲ್ಲಿ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರ ಇಡೀ ದೇಶಕ್ಕೆ ಸುಗ್ರೀವಾಜ್ಞೆ ತಂದಿತು. ಅದೇ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಮಾಡುವುದು, ಮಾರುವುದು, ಹಂಚುವುದು, ಸಾಗಿಸುವುದು, ಪರದೇಶದಿಂದ ತರಿಸುವುದು, ಜಾಹೀರಾತು ಕೊಡುವುದು, ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಸೆರೆ ಅಥವಾ ಐವತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಸೇದುವುದಕ್ಕೆಂದು ಪ್ರತ್ಯೇಕ ಶಿಕ್ಷೆಯನ್ನು ಆ ಕಾಯಿದೆ ಬರೆದಿಲ್ಲ. ಆದರೆ ಬಿಡಿಭಾಗಗಳನ್ನು ಜೋಡಿಸುವುದನ್ನೂ ಅದು ತಯಾರಿಕೆಯೆಂದೇ ಕರೆಯುತ್ತದೆ. ತಮ್ಮಂದಿರೇ, ಇದನ್ನು ಮನಸ್ಸಿಟ್ಟು ಓದಿರಿ: ಕೊಂಡು ಸೇದಿದವನಿಗಿಂತ ಕೈಯಾರೆ ಮಾಡಿದವನು ಕಾನೂನಿನ ಕಣ್ಣಿನಲ್ಲಿ ದೊಡ್ಡ ಅಪರಾಧಿ. ಗೆಳೆಯನಿಗೆ ಒಂದು ಮಾಡಿಕೊಟ್ಟು ಐನೂರು ರೂಪಾಯಿ ತೆಗೆದುಕೊಂಡರೆ ಅದು ಮಾರಾಟ. ಒಂದು ಲಕ್ಷವೆಂದರೆ ನಮ್ಮ ಕ್ಲೀನರು ಎಷ್ಟು ತಿಂಗಳು ಹೊಟ್ಟೆ ಕಟ್ಟಿ ಕೂಡಿಡಬೇಕಾದ ಹಣ? ವಕೀಲರನ್ನು ಇಡುವ ಶಕ್ತಿ ಯಾರಿಗಿದೆ?

ಇಲ್ಲಿ ಹುಡುಗರು ಒಂದು ಪ್ರಶ್ನೆ ಎಸೆಯುತ್ತಾರೆ, ಅದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವುದು ನ್ಯಾಯವಲ್ಲ. ‘ಬೀದಿಯ ಮೂಲೆಯ ಅಂಗಡಿಯಲ್ಲಿ ಸಿಗರೇಟು ಮಾರುತ್ತಾರೆ, ಬೀಡಿ ಮಾರುತ್ತಾರೆ, ಗುಟುಕು ತಂಬಾಕು ಮಾರುತ್ತಾರೆ. ಸರಕಾರ ತೆರಿಗೆಯನ್ನೂ ವಸೂಲು ಮಾಡುತ್ತದೆ. ನಮ್ಮ ಡಬ್ಬಿ ಮಾತ್ರ ಪಾಪವೆ?’ ಮಾತು ಸುಳ್ಳಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದಕ್ಷಿಣ ಕನ್ನಡ, ಉಡುಪಿಗಳ ಎಷ್ಟೋ ಮನೆಗಳಲ್ಲಿ ನಮ್ಮ ತಾಯಂದಿರು, ಅಕ್ಕತಂಗಿಯರು ಬೀಡಿ ಕಟ್ಟಿಯೇ ನಮ್ಮ ಪಾಟಿ ಪುಸ್ತಕಕ್ಕೆ ಕಾಸು ಕೊಟ್ಟರು. ಆ ಅನ್ನ ಉಂಡವರು ನಾವು. ಬಾಯಲ್ಲಿ ಬೀಡಿ ಇಟ್ಟುಕೊಂಡು ಹುಡುಗನಿಗೆ ಬುದ್ಧಿ ಹೇಳುವ ಹಿರಿಯರ ಮಾತಿಗೆ ಬೆಲೆ ಬಾರದಿದ್ದರೆ ತಪ್ಪು ಹುಡುಗನದಲ್ಲ. ಕಾನೂನು ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದಿದೆ ಎಂದು ನಾವೂ ಹೇಳುತ್ತೇವೆ. ಆದರೆ ಕಾನೂನಿನ ಕುರುಡುತನದಿಂದ ಗ್ಲಿಸರಿನ್ ವಿಷವಾಗುವುದು ನಿಲ್ಲುತ್ತದೆಯೆ? ಬೀಡಿ ಕೆಟ್ಟದ್ದೆಂಬುದು ಡಬ್ಬಿ ಒಳ್ಳೆಯದೆಂಬುದಕ್ಕೆ ಸಾಕ್ಷಿಯಾಗಲಾರದು.

ಇನ್ನೊಂದು ಪ್ರಶ್ನೆಯೂ ಉಂಟು. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯವರು ಸಿಗರೇಟು ಬಿಡಲು ಇದೊಂದು ಸಾಧನವೆಂದು ಹೇಳುತ್ತಾರೆ. ಹೌದು, ಅದು ನಿಜ. ಆದರೆ ಅಲ್ಲಿಯ ವ್ಯವಸ್ಥೆ ನೋಡಿರಿ. ದ್ರವದಲ್ಲಿ ನಿಕೋಟಿನ್ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ, ಸರಕಿನ ವಿವರ ಸರಕಾರಕ್ಕೆ ಒಪ್ಪಿಸಬೇಕು, ಮಕ್ಕಳಿಗೆ ಮಾರಬಾರದು. ನಮ್ಮ ಅಟ್ಟದ ಡಬ್ಬಿಗೆ ಇವುಗಳಲ್ಲಿ ಯಾವುದಿದೆ? ಕಳ್ಳಪೇಟೆಯ ಸೀಸೆಯ ಮೇಲೆ ಬರೆದದ್ದೇ ವೇದವಾಕ್ಯ. 2019ರಲ್ಲಿ ಅಮೆರಿಕದಲ್ಲಿ ಕಳ್ಳದಾರಿಯ ದ್ರವ ಸೇದಿದವರಿಗೆ ಶ್ವಾಸಕೋಶದ ಕಾಯಿಲೆ ಹಬ್ಬಿ, 2020ರ ಫೆಬ್ರುವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು, 68 ಮಂದಿ ತೀರಿಕೊಂಡಿದ್ದರು. ಅದರಲ್ಲಿ ಹೆಚ್ಚಿನವರು ಸೇದಿದ್ದು ಗಾಂಜಾದ ಸಾರ ಬೆರೆತ ದ್ರವ; ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಬೆರಕೆ ಮುಖ್ಯ ಕಾರಣವೆಂದು ಕಂಡುಬಂತು. ಸೀಸೆಯೊಳಗೆ ಏನಿದೆಯೆಂದು ತಿಳಿಯದೆ ಸೇದಿದವರ ಗತಿ ಅದು. ನಿಜವಾಗಿ ಸಿಗರೇಟು ಬಿಡಬೇಕೆನ್ನುವವರಿಗೆ ನಮ್ಮ ದೇಶದಲ್ಲಿ ಬೇರೆ ದಾರಿ ಇದೆ. 1800-11-2356 ಎಂಬುದು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ, ಕರೆಗೆ ಕಾಸಿಲ್ಲ. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ಮೂ ಔಷಧದಂಗಡಿಯಲ್ಲಿ ಸಿಗುತ್ತದೆ.

ಇಷ್ಟು ಹೇಳಿದ ಮೇಲೂ ಮೂಲದ ಮಾತು ಉಳಿದೇ ಇದೆ. ನಮ್ಮ ಹುಡುಗ ಹೊಗೆಯ ಕಡೆ ಹೋಗುವುದು ಏಕೆ? ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ಎತ್ತಿದವನು ರಾತ್ರಿ ಹನ್ನೊಂದಕ್ಕೆ ಮೇಜು ಒರೆಸುತ್ತಾನೆ. ನಡುವೆ ಸುಮ್ಮನೆ ನಿಂತರೆ ‘ಏನೋ ನಿಂತುಬಿಟ್ಟೆ?’ ಎಂದು ಗಲ್ಲಾದಿಂದ ಕೂಗು ಬರುತ್ತದೆ. ‘ಒಂದು ದಮ್ಮು ಎಳೆದು ಬರುತ್ತೇನೆ’ ಎಂದರೆ ಮಾತ್ರ ಐದು ನಿಮಿಷ ಬಿಡುತ್ತಾರೆ. ಧಣಿಗಳು ಒಪ್ಪಿದ ಏಕೈಕ ವಿಶ್ರಾಂತಿ ಹೊಗೆಯ ವಿಶ್ರಾಂತಿ! ಸೇದದವನಿಗೆ ಅದೂ ಇಲ್ಲ. ಹೀಗಿರುವಾಗ ಹುಡುಗ ಸೇದುವುದನ್ನು ಕಲಿಯದೆ ಇನ್ನೇನು ಮಾಡಿಯಾನು? ಕಾನೂನು ಕೊಟ್ಟ ವಿರಾಮವನ್ನು ಸೇದುವವನಿಗೂ ಸೇದದವನಿಗೂ ಸಮನಾಗಿ ಕೊಡಿಸುವುದು ಸಂಘದ ಕೆಲಸ. ಕೂರಲು ಒಂದು ಬೆಂಚು, ಕುಡಿಯಲು ಒಂದು ಲೋಟ ಚಹ, ಅರ್ಧ ಗಂಟೆ ನಿಶ್ಚಿಂತೆ, ಇಷ್ಟು ಸಿಕ್ಕರೆ ಅರ್ಧ ಹೊಗೆ ತಾನೇ ಕಡಿಮೆಯಾದೀತೆಂದು ನಮ್ಮ ನಂಬಿಕೆ. ವಿರಾಮ ಕೊಡದೆ ಹೊಗೆಯನ್ನು ಮಾತ್ರ ಬಯ್ಯುವ ಮಾಲೀಕರು ಮೊದಲು ತಮ್ಮ ಹೊಟೇಲಿನ ಹಾಜರಿ ಪುಸ್ತಕ ತೆರೆದು ನೋಡಲಿ.

ಇನ್ನು ಆ ಕೈಯ ವಿಚಾರ. ಎಲ್‌ಎಂ 317 ಬಳಸಲು ಬಲ್ಲವನು ನಾಳೆ ತುರ್ತುದೀಪ ಮಾಡಬಲ್ಲ, ಕೆಟ್ಟ ಎಲ್‌ಇಡಿ ಬಲ್ಬು ಎಬ್ಬಿಸಬಲ್ಲ, ಚಾರ್ಜರು ದುರಸ್ತಿ ಮಾಡಬಲ್ಲ. ನಮ್ಮ ಹೊಟೇಲುಗಳಲ್ಲಿ ಮಿಕ್ಸರು, ರುಬ್ಬುವ ಯಂತ್ರ, ಫ್ರಿಜ್ಜು, ಎಕ್ಸಾಸ್ಟ್ ಫ್ಯಾನು, ಬಿಲ್ಲಿನ ಯಂತ್ರ, ಒಂದಲ್ಲ ಒಂದು ದಿನವೂ ಕೆಟ್ಟೇ ಇರುತ್ತದೆ. ಹೊರಗಿನಿಂದ ಬಂದ ಮೆಕ್ಯಾನಿಕ್ಕು ಕಾಲು ಗಂಟೆ ಕೆಲಸ ಮಾಡಿ ನಮ್ಮ ಹುಡುಗನ ದಿನಗೂಲಿಗಿಂತ ಹೆಚ್ಚು ಎಣಿಸಿಕೊಂಡು ಹೋಗುತ್ತಾನೆ. ಆ ಮೆಕ್ಯಾನಿಕ್ಕು ನಮ್ಮ ಹುಡುಗನೇ ಏಕಾಗಬಾರದು? ಐಟಿಐಯಲ್ಲಿ ಇಲೆಕ್ಟ್ರಿಶಿಯನ್, ಇಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ ಎರಡೆರಡು ವರ್ಷದ ಶಿಕ್ಷಣವಿದೆ; ಸೇರಲು ಹತ್ತನೆಯ ತರಗತಿ ಪಾಸಾಗಿರಬೇಕು. ಹತ್ತನೆಯದಕ್ಕೆ ರಾತ್ರಿ ಶಾಲೆಯ ದಾರಿ ನಮಗೆ ಹೊಸದಲ್ಲ. ಈ ಮುಂಬಯಿಯಲ್ಲಿ ಹಗಲು ತಟ್ಟೆ ಎತ್ತಿ ರಾತ್ರಿ ಕನ್ನಡ ಶಾಲೆಯ ದೀಪದಡಿ ಓದಿದ ಎಷ್ಟು ಮಂದಿ ನಮ್ಮವರು ಗುಮಾಸ್ತರಾದರು, ವಕೀಲರಾದರು, ಸ್ವಂತ ಹೊಟೇಲು ತೆರೆದರು! ನಮ್ಮ ಹಿಂದಿನವರು ಆ ಕಾಲಕ್ಕೆ ಬೇಕಾದ ಅಕ್ಷರ ಕಲಿಸಿದರು. ಈ ಕಾಲದ ಹುಡುಗನಿಗೆ ಅಕ್ಷರದ ಜತೆಗೆ ಬೆಸುಗೆಯೂ ಬೇಕು.

ಆದುದರಿಂದ ಸಂಘದ ಮುಂದೆ ನಮ್ಮ ಸೂಚನೆ ಇದು. ವಾಚನಾಲಯದ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಮೀಟರು, ನಾಲ್ಕು ಬೆಸುಗೆ ಕಡ್ಡಿ ಇಡೋಣ. ಹೊತ್ತು ಮಧ್ಯಾಹ್ನ ಮೂರರಿಂದ ಐದು, ಊಟದ ಗಿರಾಕಿ ಮುಗಿದು ಚಹದ ಗಿರಾಕಿ ಬರುವ ಮುನ್ನ. ಗಿರಣಿಗಳಲ್ಲಿ ವಿದ್ಯುತ್ ವಿಭಾಗದಲ್ಲಿ ದುಡಿದು ಈಗ ಮನೆಯಲ್ಲಿ ಕುಳಿತ ಹಿರಿಯರು ನಮ್ಮಲ್ಲಿದ್ದಾರೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವರ ವಿದ್ಯೆ ಮುಚ್ಚಿಲ್ಲ. ಅವರು ವಾರಕ್ಕೊಂದು ದಿನ ಬಂದು ಕೂತರೆ ಸಾಕು. ಹಳ್ಳಿಯಿಂದ ಬಂದ ಹುಡುಗನಿಗೆ ಗುರು ಸಿಕ್ಕಂತಾಗುತ್ತದೆ. ಹಿರಿಯರಿಗೆ ‘ನಾನೂ ಬೇಕಾದವನು’ ಎಂಬ ಸಮಾಧಾನ ಸಿಗುತ್ತದೆ. ಖರ್ಚು ದೊಡ್ಡದಲ್ಲ. ವಾರ್ಷಿಕೋತ್ಸವದ ಹಾರ ತುರಾಯಿಯಲ್ಲಿ ಸ್ವಲ್ಪ ಉಳಿಸಿದರೆ ಆದೀತು.

ಡಬ್ಬಿ ಮಾಡಿಟ್ಟುಕೊಂಡ ತಮ್ಮಂದಿರಿಗೆ ಒಂದು ಮಾತು. ಅದನ್ನು ಬಿಚ್ಚಿರಿ. ಚಿಪ್ಪು, ತಿರುಗಣೆ, ಗುಂಡಿಗಳನ್ನು ಸಂಘಕ್ಕೆ ತನ್ನಿರಿ, ಬೇರೆ ಕೆಲಸಕ್ಕೆ ಬರುತ್ತವೆ. ಉಬ್ಬಿದ, ಹಳೆಯ ಸೆಲ್ಲುಗಳನ್ನು ಕಸದ ಬುಟ್ಟಿಗೂ ಭಟ್ಟಿಗೂ ಎಸೆಯಬೇಡಿರಿ. ತುದಿಗಳಿಗೆ ಟೇಪು ಸುತ್ತಿ ಬೇರೆಯಾಗಿಟ್ಟು ಇ-ತ್ಯಾಜ್ಯ ಪಡೆಯುವವರಿಗೆ ಕೊಡೋಣ. ಯಾವ ಚಾರ್ಜರನ್ನೂ ಹಾಸಿಗೆಯ ಮೇಲೆ ಇಟ್ಟು ಮಲಗಬೇಡಿರಿ. ನಾವು ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ, ಯಾರ ಮಾಲೀಕರಿಗೂ ಹೇಳುವುದಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನಮ್ಮ ಅಟ್ಟಗಳಲ್ಲಿ ನಿಜವಾಗುವುದು ಬೇಡ.

ಮೇಜಿನ ವಿಚಾರವನ್ನು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಎತ್ತುತ್ತೇವೆ. ಬೇಕು ಎನ್ನುವವರು ತಮ್ಮ ಹೊಟೇಲಿನಿಂದ ಇಬ್ಬಿಬ್ಬರಾದರೂ ಬಂದು ಕೂರಿರಿ. ಬೇಡ ಎನ್ನುವವರೂ ಬಂದು ಕಾರಣ ಹೇಳಲಿ, ಕೇಳುತ್ತೇವೆ.